ಗಂಗೋತ್ರಿಯ ರಸ್ತೆ, ಭರಲ್‌ಗಳ ಹಿಂಡು, ಗೋಮುಖದ ಹಿಮನದಿ: ನಮ್ಮ ತುಮಕೂರು ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಮುಖಕ್ಕೆ ಮೂರು ಬಾರಿ ಹೋಗಿ ಬಂದಿದ್ದೇನೆ. ತುಮಕೂರು, ಗುಬ್ಬಿ, ಮಧುಗಿರಿ, ತಿಪಟೂರುಗಳ ಪರಿಚಿತರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಮೊದಲ ಸಲ ಹೊರಡುವವರ ಪ್ರಶ್ನೆಗಳು ಮೊದಲಿಗೆ ಬರುತ್ತವೆ. ಒಮ್ಮೆ ಹೋಗಿ ಬಂದವರು ಕೇಳುವಂಥವು ಕೊನೆಯಲ್ಲಿವೆ.

## ಹೊರಡುವ ಮುನ್ನ

ಗೋಮುಖ ಅಂದರೆ ದೇವಸ್ಥಾನವೋ, ಗುಹೆಯೋ?

ಎರಡೂ ಅಲ್ಲ. ದೇವಸ್ಥಾನವಿರುವುದು ಗಂಗೋತ್ರಿಯಲ್ಲಿ, ಗೋಮುಖ ಅಲ್ಲಿಂದ 18 ಕಿ.ಮೀ. ಮೇಲಿದೆ, ಅಲ್ಲಿಗೆ ರಸ್ತೆಯಿಲ್ಲ. ಚೌಖಂಬಾ ಶಿಖರದ (7,138 ಮೀಟರ್) ಮಗ್ಗುಲಲ್ಲಿ ಹುಟ್ಟಿ ಸುಮಾರು 30 ಕಿ.ಮೀ. ಉದ್ದಕ್ಕೆ ಇಳಿದು ಬರುವ ಗಂಗೋತ್ರಿ ಹಿಮನದಿಯ ಕೆಳತುದಿಯೇ ಗೋಮುಖ. ವರ್ಷವರ್ಷವೂ ಬಿದ್ದ ಹಿಮವು ತನ್ನದೇ ಭಾರಕ್ಕೆ ಅದುಮಿ ಗಟ್ಟಿ ಮಂಜುಗಡ್ಡೆಯಾಗಿ, ಇಳಿಜಾರಿನಲ್ಲಿ ಕಣ್ಣಿಗೆ ತಿಳಿಯದಷ್ಟು ನಿಧಾನವಾಗಿ ಹರಿಯುತ್ತದೆ. ಆ ಮಂಜುಗಡ್ಡೆಯ ಗೋಡೆಯ ಬುಡದಿಂದ ಹೊರಬರುವ ನೀರು ಭಾಗೀರಥಿ. ಅದು ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿದ ಮೇಲೆ ಗಂಗೆ ಎನಿಸಿಕೊಳ್ಳುತ್ತದೆ.

ಬೇಸಿಗೆ ರಜೆಯಲ್ಲೇ ಹೋಗಬೇಕಾ? ಬೇರೆ ಯಾವ ತಿಂಗಳು ಒಳ್ಳೆಯದು?

ಗಂಗೋತ್ರಿ ದೇವಸ್ಥಾನದ ಬಾಗಿಲು ಅಕ್ಷಯ ತೃತೀಯೆಯಂದು ತೆರೆದು ದೀಪಾವಳಿಯ ಹೊತ್ತಿಗೆ ಮುಚ್ಚುತ್ತದೆ. ಮೇ ಮತ್ತು ಜೂನ್‌ನಲ್ಲಿ ಯಾತ್ರಿಕರ ದಟ್ಟಣೆ ಬಹಳ. ರಸ್ತೆಯಲ್ಲೇ ಅರ್ಧ ದಿನ ಕಳೆಯುವುದುಂಟು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ಒಂದು ತಿಂಗಳೇ ನನ್ನ ಆಯ್ಕೆ. ಆಗ ಮಳೆ ನಿಂತಿರುತ್ತದೆ, ಗಾಳಿ ತಿಳಿಯಾಗಿರುತ್ತದೆ, ಭೂರ್ಜ ಮರದ ಎಲೆಗಳು ಹಳದಿಗೆ ತಿರುಗಿರುತ್ತವೆ. ದಸರಾ ರಜೆಯೂ ಸಾಮಾನ್ಯವಾಗಿ ಇದೇ ಹೊತ್ತಿಗೆ ಬರುತ್ತದೆ.

ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಹೋಗಲೇಬೇಡಿ. 2025ರ ಆಗಸ್ಟ್ 5ರಂದು ಇದೇ ರಸ್ತೆಯ ಮೇಲಿರುವ ಧರಾಲಿ ಎಂಬ ಊರಿನ ಮೇಲೆ ಹಳ್ಳದ ಪ್ರವಾಹ ಕಲ್ಲುಮಣ್ಣನ್ನು ಹೊತ್ತು ತಂದು, ಕೆಲವೇ ಕ್ಷಣಗಳಲ್ಲಿ ಮನೆಗಳನ್ನೂ ಹೋಟೆಲುಗಳನ್ನೂ ಮುಚ್ಚಿಹಾಕಿತು. ಅದಕ್ಕೂ ಮುಂಚೆ ನಾನು ಆ ಊರಿನಲ್ಲಿ ಸೇಬು ಕೊಂಡು, ಅಂಗಡಿಯವರೊಂದಿಗೆ ಕುಳಿತು ಚಹಾ ಕುಡಿದಿದ್ದೆ. ಮಳೆಗಾಲದಲ್ಲಿ ಬೇಡ ಎಂದು ಹೇಳುವಾಗ ಆ ಅಂಗಡಿಯ ಮುಂದಿನ ಬೆಂಚು ಕಣ್ಣ ಮುಂದೆ ಬರುತ್ತದೆ.

ಒಂದು ವಾರ ರಜೆ ಹಾಕಿದರೆ ಸಾಲುತ್ತದಾ?

ಸಾಲುವುದಿಲ್ಲ. ತುಮಕೂರಿನಿಂದ ಹೊರಟು ಮರಳಿ ಮನೆ ಸೇರಲು ಹದಿಮೂರು ದಿನ ಇಟ್ಟುಕೊಳ್ಳಿ. ವಿಮಾನದಲ್ಲಾದರೆ ದೆಹಲಿ ತಲುಪಲು ಒಂದು ದಿನ, ಋಷಿಕೇಶಕ್ಕೆ ಒಂದು, ಉತ್ತರಕಾಶಿಗೆ ಒಂದು. ಗಂಗೋತ್ರಿಗಿಂತ ಮುಂಚೆ ಸಿಗುವ ಹರ್ಸಿಲ್‌ನಲ್ಲಿ ಎರಡು ರಾತ್ರಿ, ಗಂಗೋತ್ರಿಯಲ್ಲಿ ಎರಡು ರಾತ್ರಿ, ಗೋಮುಖದ ಕಾಲ್ದಾರಿಯಲ್ಲಿ ತಂಗುವ ಜಾಗವಾದ ಭೋಜ್‌ಬಾಸಾದಲ್ಲಿ ಒಂದು ಅಥವಾ ಎರಡು. ಮಿಕ್ಕದ್ದು ಮರುಪ್ರಯಾಣಕ್ಕೆ ಮತ್ತು ರಸ್ತೆಗೆ ಗುಡ್ಡ ಕುಸಿದರೆ ಕಾಯುವುದಕ್ಕೆ. ಹರ್ಸಿಲ್ ಮತ್ತು ಗಂಗೋತ್ರಿಗಳ ಎರಡನೆಯ ರಾತ್ರಿಯನ್ನು ಎಲ್ಲರೂ ಮೊದಲು ಕತ್ತರಿಸುತ್ತಾರೆ. ದೇಹ ಎತ್ತರಕ್ಕೆ ಹೊಂದಿಕೊಳ್ಳುವುದು ಆ ರಾತ್ರಿಗಳಲ್ಲಿಯೇ; ಪ್ರಾಣಿಗಳು ಕಾಣುವುದೂ ಅವುಗಳ ಮರುದಿನದ ಬೆಳಗಿನಲ್ಲಿಯೇ.

ದೇವರಾಯನದುರ್ಗ ಬಿಟ್ಟರೆ ನಾನು ಯಾವ ಬೆಟ್ಟವನ್ನೂ ಹತ್ತಿದವನಲ್ಲ. ನನ್ನ ಕೈಲಾಗುತ್ತದಾ?

ಆರೋಗ್ಯ ಸರಿಯಿದ್ದರೆ ಆಗುತ್ತದೆ. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ 14 ಕಿ.ಮೀ.; ತುಮಕೂರಿನಿಂದ ದೇವರಾಯನದುರ್ಗವೂ ಹೆಚ್ಚುಕಡಿಮೆ ಅಷ್ಟೇ ದೂರ. ಹೊರಡುವ ಮೂರು ತಿಂಗಳ ಮುಂಚಿನಿಂದ, ಬೆನ್ನಿಗೆ ಐದಾರು ಕಿಲೋ ಚೀಲ ಹೊತ್ತು, ಹದಿನೈದು ದಿನಕ್ಕೊಮ್ಮೆ ಈ ದಾರಿಯನ್ನು ಬೆಟ್ಟದ ತುದಿಯವರೆಗೆ ನಡೆಯಿರಿ. ಮಧ್ಯೆ ಮಧ್ಯೆ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ಇಳಿಯಿರಿ. ಹತ್ತುವುದು ಉಸಿರಿಗೆ ತರಬೇತಿಯಾದರೆ ಇಳಿಯುವುದು ಮಂಡಿಗೆ ತರಬೇತಿ, ಮತ್ತು ಹಿಮಾಲಯದಲ್ಲಿ ಹೆಚ್ಚು ಜನರನ್ನು ಕಾಡುವುದು ಮಂಡಿ. ಹೊಸ ಬೂಟುಗಳನ್ನು ಇಲ್ಲಿಯೇ ಪಳಗಿಸಿಕೊಳ್ಳಬೇಕು. ಆದರೆ ನಮ್ಮ ಬೆಟ್ಟಗಳು ಎತ್ತರದ ಗಾಳಿಯನ್ನು ಕಲಿಸಲಾರವು: ನಂದಿಬೆಟ್ಟವೇ 1,478 ಮೀಟರ್, ಭೋಜ್‌ಬಾಸಾ ಅದರ ಎರಡೂವರೆ ಪಟ್ಟು ಎತ್ತರದಲ್ಲಿದೆ.

ಅನುಮತಿ ಪತ್ರ ಎಲ್ಲಿ ಸಿಗುತ್ತದೆ?

ಗೋಮುಖದ ದಾರಿ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವುದರಿಂದ ಉತ್ತರಾಖಂಡದ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ 150 ಜನರಿಗೆ ಮಾತ್ರ ಕೊಡುತ್ತಾರೆ. ಆದ್ದರಿಂದ ದಿನಾಂಕ ನಿಶ್ಚಯವಾದ ಕೂಡಲೇ ಅರ್ಜಿ ಹಾಕಿ. ಚಾರ್‌ಧಾಮ್ ಯಾತ್ರೆಯ ನೋಂದಣಿ ಇದಕ್ಕಿಂತ ಬೇರೆ, ಅದನ್ನೂ ಮಾಡಿಸಬೇಕು. ಮೂಲ ಗುರುತಿನ ಚೀಟಿಯ ಜೊತೆಗೆ ನಾಲ್ಕು ನಕಲುಗಳು ಇರಲಿ.

## ರಸ್ತೆಯ ಮೇಲೆ

ಊರಿನಿಂದಲೇ ನಮ್ಮ ಕಾರಿನಲ್ಲಿ ಹೋಗಬಹುದಾ?

ಹೋಗಬಹುದು; ಋಷಿಕೇಶದವರೆಗೆ ಹೆಚ್ಚುಕಡಿಮೆ 2,400 ಕಿ.ಮೀ. ಆಗುತ್ತದೆ. ಬಯಲಿನ ಹೆದ್ದಾರಿಯಲ್ಲಿ ನಾಲ್ಕು ದಿನ ಓಡಿಸಿ ದಣಿದವರು ಐದನೆಯ ದಿನ ಹಿಮಾಲಯದ ತಿರುವುಗಳಿಗೆ ಕೈಹಾಕುವುದು ನನಗೆ ಸರಿಕಾಣುವುದಿಲ್ಲ. ದೆಹಲಿಯವರೆಗೆ ರೈಲಿನಲ್ಲೋ ವಿಮಾನದಲ್ಲೋ ಹೋಗಿ, ಹರಿದ್ವಾರ ಅಥವಾ ಋಷಿಕೇಶದಲ್ಲಿ ಸ್ಥಳೀಯ ಚಾಲಕರೊಂದಿಗೆ ವಾಹನ ಗೊತ್ತುಮಾಡಿಕೊಳ್ಳುವುದು ಮೇಲು. ಯಾವ ತಿರುವಿನಲ್ಲಿ ನಿನ್ನೆ ಕಲ್ಲು ಉರುಳಿತು, ಯಾವ ಹಳ್ಳ ಮಧ್ಯಾಹ್ನದ ಮೇಲೆ ರಸ್ತೆಗೆ ಬರುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಚಾರ್ಮಾಡಿ, ಶಿರಾಡಿ ಎಲ್ಲಾ ಓಡಿಸಿದ್ದೇನೆ. ಅದೂ ಇಂಥದ್ದೇ ಘಾಟಿ ತಾನೇ?

ತಿರುವುಗಳು ಒಂದೇ ಬಗೆಯವು, ಗುಡ್ಡ ಬೇರೆ. ನಮ್ಮ ಘಟ್ಟದ ಬಂಡೆ ಬಹು ಹಳೆಯದು, ಕಾಡಿನ ಬೇರು ಅದರ ಮೇಲಿನ ಮಣ್ಣನ್ನು ಹಿಡಿದಿರುತ್ತದೆ. ಹಿಮಾಲಯ ಇನ್ನೂ ಏಳುತ್ತಿರುವ ಪರ್ವತ. ಅದರ ಇಳಿಜಾರುಗಳು ಸಡಿಲ, ಮಳೆಯಿಲ್ಲದ ದಿನವೂ ಕಲ್ಲುಗಳು ಉರುಳುತ್ತವೆ. ಇಳಿಯುವಾಗ ಬ್ರೇಕನ್ನೇ ನಂಬಬೇಡಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಸತತವಾಗಿ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಗುಡ್ಡದಿಂದ ಸಣ್ಣ ಕಲ್ಲುಗಳು ಉದುರುವುದು ಕಂಡರೆ ಹಿಂದೆಯೇ ನಿಂತು ಮೇಲೆ ನೋಡಿ. ಸಣ್ಣವುಗಳ ಹಿಂದೆ ದೊಡ್ಡವು ಬರುತ್ತವೆ. ರಾತ್ರಿ ವಾಹನ ಓಡಿಸುವುದಕ್ಕೆ ಅಲ್ಲಿ ನಿರ್ಬಂಧವಿದೆ. ನಿರ್ಬಂಧ ಇಲ್ಲದಿದ್ದರೂ ಸಂಜೆ ಐದಕ್ಕೆ ಗಾಡಿ ನಿಲ್ಲಿಸುವುದು ನಮ್ಮ ತಂಡದ ಪದ್ಧತಿ.

ದಾರಿಯಲ್ಲಿ ನೋಡುವಂಥದ್ದು ಏನೇನಿದೆ?

ಋಷಿಕೇಶದಿಂದ ನರೇಂದ್ರನಗರ, ಚಂಬಾ, ಚಿನ್ಯಾಲಿಸೌಡ್ ಮೂಲಕ ಉತ್ತರಕಾಶಿಗೆ ಸುಮಾರು 170 ಕಿ.ಮೀ. ಈ ಹಾದಿಯಲ್ಲಿ, 260.5 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟು ಭಾಗೀರಥಿಯನ್ನು ತಡೆದು ಮಾಡಿದ ಜಲಾಶಯದ ಹಿನ್ನೀರು ಬಹಳ ದೂರ ಜೊತೆಗೆ ಬರುತ್ತದೆ. ಉತ್ತರಕಾಶಿಯಿಂದ ಗಂಗೋತ್ರಿಗೆ ಇನ್ನೊಂದು ನೂರು ಕಿಲೋಮೀಟರ್. ನಡುವೆ ಗಂಗ್‌ನಾನಿಯಲ್ಲಿ ಬಿಸಿನೀರಿನ ಬುಗ್ಗೆಯಿದೆ. ಸುಖಿಯ ತಿರುವುಗಳನ್ನು ಹತ್ತಿಳಿದರೆ ಇಕ್ಕಟ್ಟಾಗಿದ್ದ ಕಣಿವೆ ಒಮ್ಮೆಲೇ ಹರವಾಗಿ, ದೇವದಾರುಗಳ ನಡುವೆ ಹರ್ಸಿಲ್ ಕಾಣುತ್ತದೆ.

ಹರ್ಸಿಲ್‌ನ ಪಕ್ಕದ ಬಗೋರಿ ಗ್ರಾಮಕ್ಕೆ ನಡೆದು ಹೋಗಿ. ಅಲ್ಲಿನ ಜಾಡ್ ಸಮುದಾಯದವರು ಮೊದಲು ಟಿಬೆಟ್ ಗಡಿಯ ನೆಲಂಗ್, ಜಾದುಂಗ್ ಗ್ರಾಮಗಳಲ್ಲಿದ್ದವರು. 1962ರ ಯುದ್ಧದ ಕಾಲಕ್ಕೆ ಆ ಊರುಗಳನ್ನು ಬಿಟ್ಟು ಬರಬೇಕಾಯಿತು. ಚಳಿಗಾಲದಲ್ಲಿ ಅವರು ಕೆಳಗಿನ ಡುಂಡಾಕ್ಕೆ ಇಳಿಯುತ್ತಾರೆ. ಹರ್ಸಿಲ್‌ನ ರಾಜ್ಮಾ ಕಾಳು ತಪ್ಪದೆ ತನ್ನಿ. ನಮ್ಮ ಮನೆಯಲ್ಲಿ ಅದರ ಹುಳಿ ಮಾಡಿದ್ದು ಅವರೆಕಾಳಿನ ಹುಳಿಗೆ ಸರಿಸಮನಾಗಿ ಖರ್ಚಾಯಿತು.

## ಪ್ರಾಣಿಗಳು, ಹಕ್ಕಿಗಳು

ಯಾವ ಯಾವ ಪ್ರಾಣಿ ಗ್ಯಾರಂಟಿಯಾಗಿ ಕಾಣುತ್ತವೆ?

ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಭೋಜ್‌ಬಾಸಾದ ಸುತ್ತ ಭರಲ್, ಅಂದರೆ ಹಿಮಾಲಯದ ನೀಲಿ ಕುರಿ, ಕಾಣುವ ಸಾಧ್ಯತೆ ಬಹಳ ಹೆಚ್ಚು. ಮೂರು ಬಾರಿಯೂ ನಾವು ನೋಡಿದ್ದೇವೆ. ಉದ್ಯಾನದಲ್ಲಿ ಹಿಮಾಲಯದ ತಹರ್ ಎಂಬ ಕಾಡುಮೇಕೆ, ಕಸ್ತೂರಿ ಮೃಗ, ಕರಡಿ, ಹಿಮ ಚಿರತೆಗಳೂ ಇವೆ, ಆದರೆ ಅವು ಕಂಡರೆ ಭಾಗ್ಯ. ಆಕಾಶದ ಕಡೆ ಕಣ್ಣಿಟ್ಟವರಿಗೆ ಗಡ್ಡದ ರಣಹದ್ದು ಕಾಣಬಹುದು. ರೆಕ್ಕೆ ಹರಡಿದರೆ ಎಂಟು ಅಡಿಗೂ ಮೀರುವ ಈ ಹದ್ದು ಮೂಳೆಯನ್ನು ಎತ್ತರದಿಂದ ಬಂಡೆಯ ಮೇಲೆ ಬೀಳಿಸಿ, ಒಡೆದು ತಿನ್ನುತ್ತದೆ. ಹರ್ಸಿಲ್‌ನ ತೊರೆಗಳಲ್ಲಿ ಡಿಪ್ಪರ್ ಎಂಬ ಕಂದು ಹಕ್ಕಿ ಕೊರೆಯುವ ನೀರಿಗೆ ಮುಳುಗಿ ಹುಳು ಹಿಡಿದು ಏಳುವುದನ್ನು ನೋಡುತ್ತ ಒಂದು ಗಂಟೆ ಕುಳಿತದ್ದುಂಟು.

ಬೈನಾಕ್ಯುಲರ್ ಹಿಡಿದು ದಿನವಿಡೀ ನೋಡಿದರೂ ನನಗೆ ಒಂದು ಭರಲ್ ಕೂಡ ಕಾಣಲಿಲ್ಲ. ಹೇಗೆ ಹುಡುಕುತ್ತೀರಿ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಲ್ಲಿ ನೋಡಿ ಬೆಳೆದ ಕಣ್ಣು ನಮ್ಮದು. ಅಲ್ಲಿ ನೆಲ ಮಟ್ಟಸ. ಹುಲ್ಲಿನ ಮೇಲೆ ಗಂಡು ಕೃಷ್ಣಮೃಗದ ಕಪ್ಪು ಮೈ ಅರ್ಧ ಮೈಲಿಯಿಂದಲೇ ಎದ್ದು ಕಾಣುತ್ತದೆ. ಭರಲ್ ಹಾಗಲ್ಲ. ನೀಲಿ ಕುರಿ ಎಂದು ಕರೆದರೂ ಅದರ ಮೈ ಬೂದುಬಣ್ಣ, ಅದು ಮೇಯುವ ಇಳಿಜಾರಿನ ಕಲ್ಲಿನದೇ ಬಣ್ಣ. ಕದಲದೆ ನಿಂತರೆ ಅದೂ ಒಂದು ಕಲ್ಲೇ.

ಆದ್ದರಿಂದ ಪ್ರಾಣಿಯನ್ನು ಹುಡುಕದೆ, ಮೊದಲು ಕಿವಿಗೊಡಿ. ಗಾಳಿಯಿಲ್ಲದ ಬೆಳಗಿನಲ್ಲಿ ಮೇಲಿನಿಂದ ಕಲ್ಲು ಜಾರಿದ ಸದ್ದು ಬಂದರೆ ಆ ಇಳಿಜಾರಿನಲ್ಲಿ ಕಾಲುಗಳಿವೆ ಎಂದು ತಿಳಿಯಿರಿ. ಬಳಿಕ ಬರಿಗಣ್ಣಿನಲ್ಲಿ ಇಡೀ ಇಳಿಜಾರನ್ನು ಎಡದಿಂದ ಬಲಕ್ಕೆ, ಗದ್ದೆಯನ್ನು ಉಳುವ ಹಾಗೆ ಸಾಲುಸಾಲಾಗಿ ನೋಡುತ್ತ ಬನ್ನಿ. ಬಿಳಿಯ ಹಿಂಭಾಗ, ಕಾಲಿನ ಮುಂದಿನ ಕಪ್ಪುಪಟ್ಟೆ, ಹಿಂದಕ್ಕೆ ಬಾಗಿದ ಕೊಂಬಿನ ಗೆರೆ, ಈ ಮೂರರಲ್ಲಿ ಒಂದು ಸಿಕ್ಕರೆ ಆಗ ಬೈನಾಕ್ಯುಲರ್ ಎತ್ತಿ. ಒಂದು ಕಂಡಿತೆಂದರೆ ಅದರ ಸುತ್ತ ಹತ್ತು ಹನ್ನೆರಡು ಒಂದೊಂದಾಗಿ ಮೂಡುತ್ತವೆ. ಮೊದಲ ಬಾರಿ ನಾವು ಹೀಗೆ ಇಪ್ಪತ್ತಮೂರು ಎಣಿಸಿದೆವು, ಅರ್ಧ ಗಂಟೆಯಿಂದ ಅದೇ ಜಾಗವನ್ನು ನೋಡಿ ಏನೂ ಇಲ್ಲವೆಂದುಕೊಂಡಿದ್ದ ಮೇಲೆ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್ ಸಾಕು. ಅದಕ್ಕಿಂತ ಹೆಚ್ಚಿನದು ಏದುಸಿರು ಬಿಡುವವರ ಕೈಯಲ್ಲಿ ಅಲುಗುತ್ತದೆ.

ಹಿಮ ಚಿರತೆಗಾಗಿಯೇ ಹೋಗಬೇಕೆಂದಿದ್ದೇನೆ. ಸಿಗುತ್ತದಾ?

ಅದೊಂದಕ್ಕಾಗಿ ಈ ದಾರಿಗೆ ಹೋಗಬೇಡಿ. 2024ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಗಣತಿಯ ಪ್ರಕಾರ ಭಾರತದಲ್ಲಿ 718 ಹಿಮ ಚಿರತೆಗಳಿವೆ. ಲಡಾಖ್‌ನಲ್ಲಿ 477, ಉತ್ತರಾಖಂಡದಲ್ಲಿ 124. ಚಳಿಗಾಲದಲ್ಲಿ ಬೇಟೆಯ ಪ್ರಾಣಿಗಳು ಕೆಳಗಿಳಿದಾಗ ಅವುಗಳ ಹಿಂದೆ ಚಿರತೆಯೂ ಇಳಿಯುತ್ತದೆ. ಆ ಹೊತ್ತಿಗೆ ಗೋಮುಖದ ದಾರಿ ಮುಚ್ಚಿರುತ್ತದೆ. ಆದರೆ ಭರಲ್‌ಗಳ ಹಿಂಡು ಒಮ್ಮೆಲೇ ಮೇಯುವುದನ್ನು ನಿಲ್ಲಿಸಿ ಒಂದೇ ದಿಕ್ಕಿಗೆ ತಲೆಯೆತ್ತಿ ನಿಂತರೆ ನೀವೂ ಆ ಕಡೆ ನೋಡಿ.

ಭರಲ್‌ಗಳು ತೀರ ಹತ್ತಿರಕ್ಕೇ ಬರುತ್ತವಂತೆ. ಮಕ್ಕಳು ಬಿಸ್ಕತ್ತು ಹಾಕಿದರೆ ತಪ್ಪೇ?

ತಪ್ಪು. ಉಪ್ಪಿನ ರುಚಿ ಹತ್ತಿದ ಪ್ರಾಣಿ ಮೇವು ಬಿಟ್ಟು ಡೇರೆಗಳ ಸುತ್ತ ಸುಳಿಯುತ್ತದೆ, ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಗ್ರಾಮಸ್ಥರು ಅವುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದಾರೆ, ಕೀಟಲೆ ಮಾಡುವವರನ್ನು ಗದರುತ್ತಾರೆ, ಅದಕ್ಕಾಗಿಯೇ ಹಕ್ಕಿಗಳು ವರ್ಷವರ್ಷವೂ ಬರುತ್ತವೆ. ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ. ಹಿಮಾಲಯದಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

## ಕಾಲ್ದಾರಿ ಮತ್ತು ಎತ್ತರ

ಗಂಗೋತ್ರಿಯಿಂದ ಮೇಲಕ್ಕೆ ದಾರಿ ಹೇಗಿದೆ?

ದಾರಿ ಸ್ಪಷ್ಟವಾಗಿದೆ, ಏರು ಸೌಮ್ಯ. ಗಂಗೋತ್ರಿ ಸುಮಾರು 3,100 ಮೀಟರ್. ಒಂಬತ್ತನೆಯ ಕಿಲೋಮೀಟರಿನಲ್ಲಿ ಪೈನ್ ಮರಗಳ ಚೀಡ್‌ಬಾಸಾ, ಹದಿನಾಲ್ಕನೆಯದರಲ್ಲಿ ಭೋಜ್‌ಬಾಸಾ, ಸುಮಾರು 3,800 ಮೀಟರ್. ಚೀಡ್‌ಬಾಸಾ ದಾಟಿದ ಮೇಲೆ ಕಲ್ಲುರುಳುವ ಪಟ್ಟಿಯೊಂದಿದೆ. ಅಲ್ಲಿ ಚಿತ್ರ ತೆಗೆಯುತ್ತ ನಿಲ್ಲದೆ ದಾಟಬೇಕು. ಬೆಳಿಗ್ಗೆ ಆರಕ್ಕೆ ಹೊರಡಿ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ ತೊರೆಗಳು ಉಬ್ಬುತ್ತವೆ, ಹಿಮಕ್ಕೆ ಅಂಟಿಕೊಂಡಿದ್ದ ಕಲ್ಲುಗಳೂ ಸಡಿಲವಾಗುತ್ತವೆ.

ಭೋಜ್‌ಬಾಸಾ ಎಂಬ ಹೆಸರು ಭೂರ್ಜಪತ್ರದ ಮರದಿಂದ ಬಂದದ್ದು. ಸೌದೆಗೆಂದು ಕಡಿದು ಕಡಿದು ಆ ಕಾಡು ಬಹುಮಟ್ಟಿಗೆ ಹೋಯಿತು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅವರು ಅಲ್ಲಿ ಮತ್ತೆ ಭೂರ್ಜದ ಸಸಿಗಳನ್ನು ನೆಟ್ಟು ಬೆಳೆಸುವ ಕೆಲಸ ಮಾಡಿದ್ದಾರೆ. ಬೇಲಿಯೊಳಗಿನ ಆ ಗಿಡಗಳನ್ನು ಕಂಡರೆ ಒಂದು ಕ್ಷಣ ನಿಲ್ಲಿ. ಅಷ್ಟು ಎತ್ತರದಲ್ಲಿ ಆಳೆತ್ತರದ ಒಂದು ಮರವಾಗಲು ಬಹಳ ವರ್ಷಗಳು ಬೇಕು.

ಎತ್ತರಕ್ಕೆ ಹೋದರೆ ತಲೆನೋವು ಬರುತ್ತದಂತೆ. ಮಾತ್ರೆ ನುಂಗಿ ಮುಂದೆ ಹೋಗಬಹುದಾ?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಒಂದೇ, ಆದರೆ ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ತುಮಕೂರಿನಲ್ಲಿ ಒತ್ತಡ ನೂರಕ್ಕೆ ತೊಂಬತ್ತರಷ್ಟಿದ್ದರೆ ಗಂಗೋತ್ರಿಯಲ್ಲಿ ಎಪ್ಪತ್ತು, ಗೋಮುಖದಲ್ಲಿ ಅರವತ್ತರ ಆಸುಪಾಸು. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳನ್ನು ಕೇಳುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಲಹೆ. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ ಒಂದೇ ದಿನದಲ್ಲಿ 700 ಮೀಟರ್ ಏರುವುದರಿಂದಲೇ ಗಂಗೋತ್ರಿಯಲ್ಲಿ ಎರಡು ರಾತ್ರಿ ಬೇಕೆಂದು ಹಟ ಹಿಡಿಯುತ್ತೇನೆ.

ತಲೆನೋವಿನ ಜೊತೆಗೆ ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಬಂದರೆ ಮೇಲೇರುವುದನ್ನು ಅಲ್ಲಿಗೇ ನಿಲ್ಲಿಸಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಕುಳಿತಿದ್ದರೂ ಉಸಿರು ಹತ್ತುವುದು, ಕೆಮ್ಮಿದರೆ ನೊರೆ ಬರುವುದು, ನಡಿಗೆ ತಡವರಿಸುವುದು, ಮಾತು ಗೊಂದಲವಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಅಸೆಟಜೋಲಮೈಡ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ, ಇಳಿಯುವುದಕ್ಕೆ ಬದಲಿ ಆಗುವುದಿಲ್ಲ. ಸಲ್ಫಾ ಔಷಧಿ ಒಗ್ಗದವರು, ಬಿ.ಪಿ., ಸಕ್ಕರೆ, ಹೃದಯದ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಬೇಕು.

ನಮ್ಮ ಮೊದಲ ಪ್ರಯಾಣದಲ್ಲಿ ಉತ್ತರಕಾಶಿಯಿಂದ ನೇರ ಗಂಗೋತ್ರಿಗೆ ಬಂದು ಮರುದಿನವೇ ಮೇಲೆ ಹೊರಟೆವು. ಭೋಜ್‌ಬಾಸಾ ತಲುಪಿದ ಸಂಜೆ ಗುಬ್ಬಿಯ ಗೆಳೆಯರೊಬ್ಬರು ತಾವು ಕಟ್ಟಿದ ಬೂಟಿನ ದಾರವನ್ನು ಬಿಚ್ಚಲಾರದೆ ಕುಳಿತರು. ದಣಿವು ಎಂದುಕೊಂಡೆ. ಅದು ದಣಿವಲ್ಲವೆಂದು ಅಲ್ಲಿದ್ದ ಸ್ಥಳೀಯ ಮಾರ್ಗದರ್ಶಿಯೊಬ್ಬರು ಗುರುತಿಸಿ, ಕತ್ತಲಾಗುವ ಮುನ್ನ ಅವರನ್ನು ಕೆಳಗೆ ಹೊರಡಿಸಿದರು. ಚೀಡ್‌ಬಾಸಾ ದಾಟುವಷ್ಟರಲ್ಲಿ ಅವರ ಮಾತು ಸರಿಹೋಯಿತು. ಆ ಅವಸರದ ತೀರ್ಮಾನ ನನ್ನದಾಗಿತ್ತು.

ತಿನ್ನಲು ಏನು ಒಯ್ಯಬೇಕು?

ಮೇಲೆ ಸಿಗುವುದು ಅನ್ನ, ಬೇಳೆ, ರೊಟ್ಟಿ. ತಿಪಟೂರು ಕೊಬ್ಬರಿ, ಬೆಲ್ಲ, ಹುರಿದ ಕಡಲೆಕಾಯಿ ಬೀಜ, ರಾಗಿ ಹುರಿಹಿಟ್ಟು ಜೇಬಿನಲ್ಲಿರಲಿ. ಎತ್ತರದಲ್ಲಿ ಹಸಿವು ಮಂದವಾಗುತ್ತದೆ. ಸ್ವಲ್ಪ ಸ್ವಲ್ಪವೇ ತಿನ್ನುತ್ತಿರಬೇಕು. ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಿರಿ.

ವಯಸ್ಸಾದ ತಾಯಿಯನ್ನು ಕರೆದೊಯ್ಯಬಹುದಾ?

ವೈದ್ಯರು ಒಪ್ಪಿದರೆ ಗಂಗೋತ್ರಿಯವರೆಗೆ ಕಾರಿನಲ್ಲಿ ಹೋಗಬಹುದು. ಹರ್ಸಿಲ್‌ನ ಎರಡು ರಾತ್ರಿಗಳನ್ನು ಅವರಿಗೂ ತಪ್ಪಿಸಬೇಡಿ. ಗೋಮುಖದ ದಾರಿ ಬೇಡ.

## ಹಿಮನದಿಯ ಹತ್ತಿರ

ಹಿಮನದಿಯ ಮೇಲೆ ಕಾಲಿಟ್ಟು ನಡೆಯಬಹುದಾ? ಬೆಳ್ಳಗೆ ಹೊಳೆಯುತ್ತದಾ?

ಬೆಳ್ಳಗಿರುವುದಿಲ್ಲ. ಹಿಮನದಿ ಎರಡೂ ಬದಿಯ ಗುಡ್ಡಗಳಿಂದ ಬಿದ್ದ ಕಲ್ಲುಮಣ್ಣನ್ನು ಬೆನ್ನ ಮೇಲೆ ಹೊತ್ತು ತರುವುದರಿಂದ ಗೋಮುಖದ ಬಳಿ ಅದು ಜಲ್ಲಿ ಕ್ವಾರಿಯ ಹಾಗೆ ಕಾಣುತ್ತದೆ. ಒಡೆದ ಮುಖದಲ್ಲಿ ಮಾತ್ರ ಹಸಿರು ನೀಲಿಯ ಮಂಜುಗಡ್ಡೆ ತೋರುತ್ತದೆ. ಆ ಮುಖದಿಂದ ಮನೆಯಷ್ಟು ದೊಡ್ಡ ತುಂಡುಗಳು ಮುನ್ಸೂಚನೆಯಿಲ್ಲದೆ ಕಳಚಿ ಬೀಳುತ್ತವೆ. ದೂರದಲ್ಲೇ ನಿಲ್ಲಿ, ತೀರ್ಥ ತುಂಬಿಕೊಳ್ಳಲು ಮಂಜಿನ ಗೋಡೆಯ ಬುಡಕ್ಕೆ ಹೋಗಬೇಡಿ, ನೀರು ಕೆಳಗೂ ಅದೇ. ಗೋಮುಖದವರೆಗಿನ ನಡಿಗೆ ಹಿಮನದಿಯ ತುದಿಗೆ ಹೋಗುವ ನಡಿಗೆ, ಅದರ ಮೇಲೆ ನಡೆಯುವುದಲ್ಲ.

ಹಾಗಾದರೆ ನಿಜವಾಗಿ ಹಿಮನದಿ ದಾಟಬೇಕೆಂದರೆ? ತಪೋವನಕ್ಕೆ ಹೋಗಬಹುದಾ?

ತಪೋವನ ಸುಮಾರು 4,450 ಮೀಟರ್ ಎತ್ತರದ ಹುಲ್ಲುಗಾವಲು. 6,543 ಮೀಟರಿನ ಶಿವಲಿಂಗ ಶಿಖರ ಅಲ್ಲಿ ನೆತ್ತಿಯ ಮೇಲೆಯೇ ನಿಂತಂತಿರುತ್ತದೆ. ಅಲ್ಲಿಗೆ ಹೋಗುವ ಹಳೆಯ ದಾರಿ ಗಂಗೋತ್ರಿ ಹಿಮನದಿಯನ್ನು ಅಡ್ಡ ದಾಟುತ್ತದೆ; ಪ್ರತ್ಯೇಕ ಅನುಮತಿಯೂ ಮಾರ್ಗದರ್ಶಿಯೂ ಬೇಕು. ಇಲ್ಲಿ ದಾರಿ ಎಂಬುದೇ ಸ್ಥಿರವಲ್ಲ. ಕೆಳಗಿನ ಮಂಜುಗಡ್ಡೆ ಸರಿದಂತೆ ಮೇಲಿನ ಕಲ್ಲುರಾಶಿ ಕದಲುತ್ತದೆ, ಕಳೆದ ತಿಂಗಳ ಜಾಡು ಈ ತಿಂಗಳು ಬಿರುಕಿನ ಬಾಯಲ್ಲಿ ಮುಗಿಯಬಹುದು. ಹೊಸ ಹಿಮ ಬಿದ್ದಿದ್ದರೆ ಬಿರುಕುಗಳ ಬಾಯಿ ಮುಚ್ಚಿ ಗಟ್ಟಿ ನೆಲದಂತೆ ಕಾಣುತ್ತದೆ. ಅಂಥಲ್ಲಿ ಮಾರ್ಗದರ್ಶಿ ಕೋಲಿನಿಂದ ಚುಚ್ಚಿ ನೋಡುತ್ತ ಮುಂದೆ ಹೋಗುತ್ತಾರೆ, ಉಳಿದವರು ಹಗ್ಗದಲ್ಲಿ ಅಂತರವಿಟ್ಟು, ಅವರು ಕಾಲಿಟ್ಟಲ್ಲೇ ಕಾಲಿಡುತ್ತಾರೆ. ಬರಿಯ ಮಂಜುಗಡ್ಡೆಯಾದರೆ ಬೂಟಿಗೆ ಕಟ್ಟುವ ಮುಳ್ಳಿನ ತಳ, ಅಂದರೆ ಕ್ರ್ಯಾಂಪಾನ್ ಬೇಕು. ಪಾದವನ್ನು ಚಪ್ಪಟೆಯಾಗಿ ಊರಿ ಎಲ್ಲ ಮುಳ್ಳುಗಳೂ ಕಚ್ಚುವಂತೆ ನಡೆಯಬೇಕು. ಹಿಮ್ಮಡಿ ಊರಿ ನಡೆಯುವ ನಮ್ಮ ಅಭ್ಯಾಸ ಅಲ್ಲಿ ಜಾರಿಸುತ್ತದೆ.

ಇದನ್ನೆಲ್ಲ ಸರಿಯಾಗಿ ಕಲಿಯುವುದೆಲ್ಲಿ?

ಉತ್ತರಕಾಶಿಯಲ್ಲೇ 1965ರಲ್ಲಿ ಸ್ಥಾಪನೆಯಾದ ನೆಹರು ಪರ್ವತಾರೋಹಣ ಸಂಸ್ಥೆಯಿದೆ. ಅಲ್ಲಿನ ಮೂಲ ತರಬೇತಿ ಸುಮಾರು ನಾಲ್ಕು ವಾರಗಳದು. ಹಗ್ಗ, ಕ್ರ್ಯಾಂಪಾನ್, ಹಿಮಗೊಡಲಿಗಳ ಬಳಕೆಯನ್ನು ಹಿಮನದಿಯ ಮೇಲೆಯೇ ಕಲಿಸುತ್ತಾರೆ. ಕಾಲೇಜಿನ ಹುಡುಗ ಹುಡುಗಿಯರು ಕೇಳಿದಾಗಲೆಲ್ಲ ಇದನ್ನೇ ಹೇಳುತ್ತೇನೆ.

ಹಿಮನದಿ ಹಿಂದೆ ಸರಿಯುತ್ತಿದೆ ಎನ್ನುತ್ತಾರಲ್ಲ, ಅದು ನಮ್ಮ ಕಣ್ಣಿಗೆ ಕಾಣುತ್ತದಾ?

ಕಾಣುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 1935ರಲ್ಲಿ ಗೋಮುಖದ ನೆಲೆಯನ್ನು ನಕ್ಷೆಗೆ ಇಳಿಸಿತು. ಅಲ್ಲಿಂದೀಚೆಗೆ ಹಿಮನದಿಯ ತುದಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಮೊದಲು ಇದನ್ನು ಸೇರುತ್ತಿದ್ದ ರಕ್ತವರ್ಣ, ಚತುರಂಗಿ ಎಂಬ ಉಪ ಹಿಮನದಿಗಳು ಈಗ ಮುಖ್ಯ ಹಿಮನದಿಯಿಂದ ಬೇರ್ಪಟ್ಟಿವೆ. ಭೋಜ್‌ಬಾಸಾದಿಂದ ಹೊರಟು ಕೊನೆಯ ನಾಲ್ಕು ಕಿಲೋಮೀಟರ್ ನಡೆಯುವಾಗ ಕಣಿವೆಯ ಎರಡೂ ಬದಿಗೆ ಕಲ್ಲುಮಣ್ಣಿನ ಉದ್ದನೆಯ ದಿಣ್ಣೆಗಳನ್ನು ಗಮನಿಸಿ. ಅವು ಒಂದು ಕಾಲದ ಮಂಜುಗಡ್ಡೆಯ ಅಂಚುಗಳು. ಕೊನೆಯ ಬಾರಿ ಹೋದಾಗ, ಮೊದಲ ಸಲ ನಾವು ಕುಳಿತು ಹುರಿಹಿಟ್ಟು ತಿಂದಿದ್ದ ಬಂಡೆಯನ್ನು ಹುಡುಕಿಕೊಂಡು ಹೋದೆ. ಬಂಡೆ ಅಲ್ಲಿಯೇ ಇತ್ತು. ಅಂದು ಅದರ ಮೇಲೆ ಕುಳಿತರೆ ಎದುರಿಗೆ ಕಾಣುತ್ತಿದ್ದ ಮಂಜಿನ ಗೋಡೆಯನ್ನು ಈ ಸಲ ನೋಡಲು ಅಲ್ಲಿಂದ ಎದ್ದು ಇನ್ನಷ್ಟು ದೂರ ನಡೆಯಬೇಕಾಯಿತು.